ಈ ಬಿಳಿ ಸ್ಪ್ರಿಂಗ್‌ಟೇಲ್ ಹೊಸ ಪ್ರಭೇದವೇ? ವಿವರಣೆ ಬರೆಯಲು ಎಲ್ಲಿಂದ ಆರಂಭಿಸಬೇಕು?

ತೇವಮಣ್ಣು:
ಎಲ್ಲರಿಗೂ ನಮಸ್ಕಾರ. ದೊಡ್ಡ ಮರವೊಂದರ ಬುಡದಲ್ಲಿ, ಕೊಳೆತ ಎಲೆಗಳ ಪದರ ದಾಟಿ ಸುಮಾರು ಹದಿನೈದು ಸೆಂಟಿಮೀಟರ್ ಕೆಳಗಿನ ಮಣ್ಣಿನಿಂದ ಆರು ಸ್ಪ್ರಿಂಗ್‌ಟೇಲ್‌ಗಳು (ಮಣ್ಣಿನಲ್ಲಿ ಬದುಕುವ ಆರು ಕಾಲಿನ ಪುಟ್ಟ ಪ್ರಾಣಿಗಳು) ಸಿಕ್ಕಿವೆ. ಉದ್ದ 1.4 ಮಿ.ಮೀ. ಆಸುಪಾಸು. ಅಚ್ಚ ಬಿಳುಪು, ಕಣ್ಣಿಲ್ಲ, ನೆಗೆಯಲು ಬೇಕಾದ ಕವಲುಬಾಲ ಇಲ್ಲ, ಹಿಂತುದಿಯಲ್ಲಿ ಎರಡು ಮುಳ್ಳುಗಳಿವೆ. ಒಂದನ್ನು ಸ್ಲೈಡ್ ಮಾಡಿದ್ದೇನೆ, ಉಳಿದ ಐದು ಎಥನಾಲ್‌ನಲ್ಲಿವೆ.

ಗುರುತಿಸುವ ಕೀಲಿ ಹಿಡಿದು ಹೋದರೆ ಪ್ರೊಟಾಫೊರೂರಾ ಕುಲದವರೆಗೆ ಸಲೀಸಾಗಿ ತಲುಪುತ್ತೇನೆ. ಅಲ್ಲಿಂದ ಮುಂದೆ ದಾರಿ ಕಾಣುತ್ತಿಲ್ಲ. ಉದರದ ಐದನೇ ಖಂಡದಲ್ಲಿ ಹುಸಿಗಣ್ಣುಗಳು ಎರಡೇ ಇವೆ. ಉಳಿದ ಖಂಡಗಳ ಲೆಕ್ಕವನ್ನೂ ಸೇರಿಸಿಕೊಂಡು ನೋಡಿದರೆ, ನನ್ನ ಬಳಿಯಿರುವ ಯಾವ ಕೀಲಿಯಲ್ಲೂ ಈ ಸಂಯೋಜನೆ ಇಲ್ಲ. ಮೂರು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ ಎಂದರೆ ನಗಬೇಡಿ. ಹೆಸರನ್ನೂ ಯೋಚಿಸಿಬಿಟ್ಟಿದ್ದೇನೆ. ವಿವರಣೆ ಬರೆಯಲು ಮೊದಲು ಏನು ಮಾಡಬೇಕು?

ಹಳೆಸ್ಲೈಡು:
ಎಡಬದಿಯಲ್ಲಿ ಎಷ್ಟು?

ತೇವಮಣ್ಣು:
ಸರ್, ಎಡಬದಿ ಸ್ವಲ್ಪ ಮಡಚಿಕೊಂಡಿದೆ. ಬಲಬದಿಯಲ್ಲಿ ಮಾತ್ರ ಎಣಿಸಿದ್ದೇನೆ. ಎರಡೂ ಬದಿ ಒಂದೇ ಇರುತ್ತದೆ ಎಂದುಕೊಂಡಿದ್ದೆ.

ಹಳೆಸ್ಲೈಡು:
ನಾವೆಲ್ಲ ಮೊದಲ ಸಲ ಎಡವಿದ್ದು ಈ ‘ಎಂದುಕೊಂಡಿದ್ದೆ’ಯಲ್ಲೇ. ಮುಜುಗರ ಪಟ್ಟುಕೊಳ್ಳಬೇಡಿ.

ಹೊಸಬರು ಓದುತ್ತಿರಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಸಿಗಣ್ಣು ಎಂಬುದು ಕಣ್ಣಲ್ಲ. ಚರ್ಮದ ಮೇಲೆ ಉಂಗುರದಂತೆ ಕಾಣುವ, ಮಧ್ಯದಲ್ಲಿ ತೆಳುವಾದ ಪೊರೆಯಿರುವ ಸಣ್ಣ ಕಿಂಡಿ. ಪರಭಕ್ಷಕ ಮೈಟ್ ಮೈಮೇಲೆ ಬಿದ್ದಾಗ ಈ ಕಿಂಡಿಗಳಿಂದ ಒಂದು ದ್ರವ ಒಸರುತ್ತದೆ. ಮೈಟ್ ಬಾಯಿ ಒರೆಸಿಕೊಂಡು ಹಿಂದೆ ಸರಿಯುತ್ತದೆ. ನೆಗೆದು ಪಾರಾಗುವ ಬಾಲವನ್ನು ಕಳೆದುಕೊಂಡ ಗುಂಪಿಗೆ ಉಳಿದಿರುವ ಆಯುಧ ಇದು. ಕಿಂಡಿಗಳ ಲೆಕ್ಕವನ್ನು ಒಂದು ಬದಿಗೆ ಮಾತ್ರ, ತಲೆಯಿಂದ ಬಾಲದ ಕಡೆಗೆ, 33/022/33343 ಎಂಬಂತೆ ಬರೆಯುತ್ತಾರೆ. ಅಂದರೆ ಕುಡಿಮೀಸೆಯ ಬುಡದಲ್ಲಿ ಮೂರು, ತಲೆಯ ಹಿಂಭಾಗದಲ್ಲಿ ಮೂರು. ಎದೆಯ ಮೂರು ಖಂಡಗಳಲ್ಲಿ ಸೊನ್ನೆ, ಎರಡು, ಎರಡು. ಉದರದ ಮೊದಲ ಐದು ಖಂಡಗಳಲ್ಲಿ ಉಳಿದವು. ಓದಲು ಸುಲಭ, ಹೋಲಿಸಲು ಸುಲಭ. ಜನರು ಇದಕ್ಕೆ ಮರುಳಾಗುವುದೂ ಅದಕ್ಕೇ.

ಜಿನೀವಾದ ಹರ್ಮನ್ ಗಿಸಿನ್ 1952ರಲ್ಲಿ ಒಂದು ದೊಡ್ಡ ಗಂಟು ಬಿಚ್ಚಿದರು. ಅಲ್ಲಿಯವರೆಗೆ ಒನಿಕಿಯೂರಸ್ ಅರ್ಮಾಟಸ್ ಎಂಬ ಒಂದೇ ಹೆಸರಿನ ಚೀಲಕ್ಕೆ ಎಲ್ಲವನ್ನೂ ತುಂಬಿಸುತ್ತಿದ್ದರು. ಅದನ್ನು ಹಲವು ಪ್ರಭೇದಗಳಾಗಿ ಒಡೆಯಲು ಅವರಿಗೆ ಒದಗಿದ ಲಕ್ಷಣಗಳಲ್ಲಿ ಹುಸಿಗಣ್ಣೂ ಒಂದು. ಒಡೆದದ್ದು ಸರಿಯೇ. ಆದರೆ ಈ ಗುಂಪಿನಲ್ಲಿ ಒಂದೇ ಬೊಗಸೆ ಮಣ್ಣಿನ ಪ್ರಾಣಿಗಳಲ್ಲೇ ಲೆಕ್ಕ ಒಂದು ಹೆಚ್ಚು, ಒಂದು ಕಡಿಮೆ ಆಗುವುದುಂಟು. ಒಂದೇ ಪ್ರಾಣಿಯ ಎಡಬಲಗಳಲ್ಲಿಯೂ ಆಗುವುದುಂಟು. ಹಾಗಾಗಿ ಒಂದು ಸ್ಲೈಡು, ಒಂದು ಬದಿ, ಒಂದು ಅಂಕಿ ಹಿಡಿದು ಬಂದವರಿಗೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಅದೇ.

ಇದನ್ನು ಕೇಳಿ ಸಣ್ಣ ಲಕ್ಷಣಗಳಿಗೆ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. ಟುಲ್‌ಬರ್ಜಿಯಾ ಕ್ರೌಸ್‌ಬೌವೆರಿ ಎಂಬುದನ್ನು ಬೋರ್ನರ್ 1901ರಲ್ಲಿ ಹೆಸರಿಸಿದರು. ಮುಂದಿನ ಎಪ್ಪತ್ತು ವರ್ಷ, ಅರ್ಧ ಮಿಲಿಮೀಟರ್ ಚಿಲ್ಲರೆ ಉದ್ದದ ಸಪೂರ ಬಿಳಿ ಪ್ರಾಣಿ ಎಲ್ಲಿ ಸಿಕ್ಕರೂ ಪಟ್ಟಿಯಲ್ಲಿ ಅದೇ ಹೆಸರು ಬೀಳುತ್ತಿತ್ತು. 1971ರಲ್ಲಿ ರೂಸೆಕ್ ರೋಮಗಳ ಜಾಗವನ್ನೂ ಆಕಾರವನ್ನೂ ತಾಳ್ಮೆಯಿಂದ ನೋಡಿ, ಅಲ್ಲಿರುವುದು ಒಂದು ಪ್ರಭೇದವಲ್ಲ, ಒಂದು ಗುಂಪು ಎಂದು ತೋರಿಸಿದರು. ಈಗ ಅವು ಮೆಸಫೊರೂರಾ ಕುಲದಲ್ಲಿವೆ. ಆ ಎಪ್ಪತ್ತು ವರ್ಷಗಳ ಪಟ್ಟಿಗಳಲ್ಲಿರುವ ಹೆಸರು ನಿಜಕ್ಕೂ ಯಾವುದರದ್ದು ಎಂದು ಸ್ಲೈಡು ಉಳಿಸಿದ್ದವರು ಮಾತ್ರ ಮತ್ತೆ ನೋಡಿ ಹೇಳಬಲ್ಲರು. ಉಳಿದವರ ಪಟ್ಟಿ ಪಟ್ಟಿಯಾಗಿಯೇ ಉಳಿಯಿತು.

ಕೊಳವೆದೀಪ:
ತೇವಮಣ್ಣು ಅವರೇ, ಆರು ಸಾಲದು. ಅದೇ ಜಾಗಕ್ಕೆ ಹೋಗಿ ಇನ್ನಷ್ಟು ತನ್ನಿ. ಒಳ್ಳೆಯ ಮಣ್ಣಿನ ಒಂದು ಚದರ ಮೀಟರ್‌ನಲ್ಲಿ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಸ್ಪ್ರಿಂಗ್‌ಟೇಲ್‌ಗಳಿರುತ್ತವೆ. ಆಳದವು ಅಷ್ಟು ಇರುವುದಿಲ್ಲ, ಆದರೂ ಆರಕ್ಕೇ ಮುಗಿಯುವುದಿಲ್ಲ.

ಮಣ್ಣಿನ ತುಂಡನ್ನು ಪುಡಿ ಮಾಡಬೇಡಿ. ಇಡಿಯಾಗಿ ತಂದು, ತಲೆಕೆಳಗು ಮಾಡಿ ಕೊಳವೆಯ ಬಾಯಿಯ ಜಾಲರಿಯ ಮೇಲಿಡಿ. ಮೇಲಿನ ದೀಪದ ಶಾಖಕ್ಕೆ ಮಣ್ಣು ಒಣಗುತ್ತಾ ಬಂದಂತೆ ಪ್ರಾಣಿಗಳು ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಮೇಲ್ಮಣ್ಣಿನ ರಂಧ್ರಗಳು ದೊಡ್ಡವು, ಕೆಳಮಣ್ಣಿನವು ಕಿರಿದು. ಮೇಲ್ಮೈ ಕೆಳಗೆ ಬಂದರೆ ಇಳಿಯುವ ಪ್ರಾಣಿಗೆ ದಾರಿ ಅಗಲವಾಗುತ್ತಾ ಹೋಗುತ್ತದೆ. ದೀಪದ ವಿಷಯದಲ್ಲಿ ಮಾತ್ರ ಆತುರ ಬೇಡ. ಮೊದಲ ದಿನವೇ ಜೋರು ಬಲ್ಬು ಹಾಕಿದರೆ ಮೇಲಿನ ಪದರ ಒಣಗಿ ಗಟ್ಟಿಯಾಗುತ್ತದೆ, ನಿಧಾನವಾಗಿ ನಡೆಯುವ ಕುರುಡು ಪ್ರಾಣಿಗಳು ದಾರಿಯಲ್ಲೇ ಒಣಗಿ ಸಾಯುತ್ತವೆ. ನೆಗೆಯುವ ಪ್ರಭೇದಗಳೇ ಬಾಟಲಿಗೆ ಬಿದ್ದಿರುತ್ತವೆ, ನೀವು ಅದನ್ನು ನೋಡಿ ಇಲ್ಲಿ ಬಿಳಿಯವು ಇಲ್ಲ ಎಂದು ಬರೆದುಕೊಳ್ಳುತ್ತೀರಿ. ನಾನು ಮೊದಲೆರಡು ದಿನ ದೀಪವನ್ನೇ ಹಾಕುವುದಿಲ್ಲ. ಆಮೇಲೆ ದೂರದಿಂದ ಆರಂಭಿಸಿ ದಿನಕ್ಕಿಷ್ಟು ಹತ್ತಿರ ತರುತ್ತೇನೆ, ಒಟ್ಟು ಒಂದು ವಾರ. ಬರ್ಲೀಸ್ 1905ರಲ್ಲಿ ಕೊಳವೆಯನ್ನು ಬಿಸಿನೀರಿನಿಂದ ಕಾಯಿಸುತ್ತಿದ್ದರು, ಟುಲ್‌ಗ್ರೆನ್ 1918ರಲ್ಲಿ ಅದಕ್ಕೆ ಬಲ್ಬು ತಂದರು. ಅಲ್ಲಿಂದ ಈಚೆಗೆ ಉಪಕರಣ ಹೆಚ್ಚೇನೂ ಬದಲಾಗಿಲ್ಲ, ನಮ್ಮ ತಾಳ್ಮೆ ಮಾತ್ರ ಕಡಿಮೆಯಾಗಿದೆ.

ಇನ್ನೊಂದು ದಾರಿ ನೀರು. ಮಣ್ಣನ್ನು ನೀರಿನಲ್ಲಿ ಮೆಲ್ಲಗೆ ಕದಡಿ ಬಿಟ್ಟರೆ ಇವು ತೇಲುತ್ತವೆ, ಮೈ ನೀರಿಗೆ ನೆನೆಯುವುದೇ ಇಲ್ಲ. ಬಿಳಿ ಚುಕ್ಕೆಗಳನ್ನು ಕುಂಚದ ತುದಿಯಿಂದ ಎತ್ತಿಕೊಳ್ಳಬಹುದು.

ಸುಮ್ಮನೆ_ಓದುಗ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೆಗೆಯದ ಸ್ಪ್ರಿಂಗ್‌ಟೇಲ್ ಎಂದರೇನು? ಅದು ಕೀಟವೇ ಅಲ್ಲವೇ? ಕನ್ನಡದಲ್ಲಿ ಹೆಸರಿದೆಯೇ?

ಅಲ್ಪವಿರಾಮ:
ಆರು ಕಾಲಿವೆ, ಆದರೆ ಈಗಿನ ವರ್ಗೀಕರಣದಲ್ಲಿ ಕೀಟದ ಸಾಲಿನಲ್ಲಿ ಕೂರಿಸುವುದಿಲ್ಲ. ಬಾಯಿಯ ಭಾಗಗಳು ತಲೆಯೊಳಗಿನ ಚೀಲದಲ್ಲಿ ಅಡಗಿರುತ್ತವೆ, ಉದರಕ್ಕೆ ಆರೇ ಖಂಡ. ಗುಂಪನ್ನು ಗುರುತಿಸುವುದು ಬಾಲದಿಂದಲ್ಲ, ಉದರದ ಮೊದಲ ಖಂಡದ ಕೆಳಗಿರುವ ನಳಿಕೆಯಿಂದ. ಲಬ್ಬಕ್ ಎಂಬವರು 1870ರಲ್ಲಿ ಕೊಲೆಂಬೊಲಾ ಎಂದು ಹೆಸರಿಟ್ಟದ್ದು ಆ ನಳಿಕೆಯನ್ನು ನೋಡಿ. ಗ್ರೀಕ್‌ನಲ್ಲಿ ‘ಅಂಟು’ ಮತ್ತು ‘ಗೂಟ’ ಸೇರಿದ ಪದ ಅದು. ಸ್ಕಾಟ್ಲೆಂಡ್‌ನ ರೈನೀ ಶಿಲೆಯಲ್ಲಿ ಸಿಕ್ಕ ರೈನಿಯೆಲ್ಲಾ, 1926ರಲ್ಲಿ ಹರ್ಸ್ಟ್ ಮತ್ತು ಮೌಲಿಕ್ ವಿವರಿಸಿದ್ದು, ಸುಮಾರು 40 ಕೋಟಿ ವರ್ಷ ಹಳೆಯದು. ಈ ಆಕಾರ ಅಷ್ಟು ಹಿಂದಿನಿಂದ ಇದೆ. ಆಳದ ಮಣ್ಣಿಗೆ ಇಳಿದವು ಬಾಲ, ಕಣ್ಣು, ಬಣ್ಣ ಮೂರನ್ನೂ ಬಿಟ್ಟವು. ಕೂದಲೆಳೆಯಷ್ಟು ಸಂದಿಯಲ್ಲಿ ನೆಗೆದರೆ ಹೋಗುವುದೆಲ್ಲಿಗೆ?

ಕನ್ನಡ ಹೆಸರಿನ ವಿಷಯ ಎತ್ತಬೇಡಿ. ‘ಚಿಮ್ಮುಬಾಲ’, ‘ನೆಗೆಬಾಲ’ ಎಂದು ಇಲ್ಲಿಯೇ ಹಿಂದೆ ಎರಡು ಪಂಗಡಗಳಾಗಿ ಕಾದಾಡಿದ್ದಾರೆ. ಬಾಲವೇ ಇಲ್ಲದ ಈ ಪ್ರಾಣಿಗೆ ಎರಡೂ ಒಪ್ಪುವುದಿಲ್ಲ.

ಬೇಸ್‌ಜೋಡಿ:
ನೀವೆಲ್ಲ ರೋಮ ಎಣಿಸುತ್ತಾ ಕುಳಿತಿರುವಾಗ ನಾನು ಒಂದು ಮಾತು ಹೇಳಲೇಬೇಕು. 2003ರಿಂದ ಪ್ರಾಣಿಗಳಿಗೆ ಬಾರ್‌ಕೋಡ್ (ಪ್ರಭೇದ ಗುರುತಿಸುವ ಡಿಎನ್‌ಎ ಚೀಟಿ) ಎಂದು ಬಳಸುತ್ತಿರುವ, ತಾಯಿಯಿಂದ ಬರುವ ಸಿಒಐ ಜೀನ್‌ನ 658 ಬೇಸ್‌ಗಳ ತುಣುಕನ್ನು ಓದಿಸಿ. ಪ್ಯಾರಿಸೊಟೋಮಾ ನೋಟಬಿಲಿಸ್ ನೆನಪಿದೆಯೇ? ಶತಮಾನಕ್ಕೂ ಹೆಚ್ಚು ಕಾಲ ಒಂದೇ ಪ್ರಭೇದ ಎಂದು ನಂಬಿದ್ದದ್ದು, 2012ರಲ್ಲಿ ಡಿಎನ್‌ಎ ನೋಡಿದಾಗ ಬೇರೆ ಬೇರೆ ಪ್ರಭೇದಗಳಷ್ಟೇ ದೂರವಿರುವ ನಾಲ್ಕು ವಂಶಾವಳಿಗಳಾಯಿತು. ಆ ವ್ಯತ್ಯಾಸ ಯಾವ ರೋಮದಲ್ಲೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಾದರಿ ಹಾಳಾಗುತ್ತದೆ ಎಂಬ ಹಳೆಯ ನೆಪವೂ ಈಗ ನಡೆಯುವುದಿಲ್ಲ. ಇಡೀ ಪ್ರಾಣಿಯನ್ನು ಕಿಣ್ವದ ದ್ರಾವಣದಲ್ಲಿ ನೆನೆಸಿ ಒಳಗಿನ ಡಿಎನ್‌ಎ ತೆಗೆದುಕೊಂಡ ಮೇಲೆ ಖಾಲಿ ಹೊರಕವಚ ಹಾಗೇ ಉಳಿಯುತ್ತದೆ. ಕೊಬ್ಬು ಕರಗಿರುವುದರಿಂದ ಸ್ಲೈಡಿಗೆ ಅದು ಇನ್ನೂ ತಿಳಿಯಾಗಿರುತ್ತದೆ. ಆದರೆ ಎಥನಾಲ್ 95 ಶೇಕಡಾ ಇರಬೇಕು. 70ರಲ್ಲಿ ವರ್ಷಗಟ್ಟಲೆ ಇಟ್ಟದ್ದನ್ನು ನನ್ನ ಬಳಿ ತರಬೇಡಿ.

ಹಳೆಸ್ಲೈಡು:
ಬೇಸ್‌ಜೋಡಿ ಅವರ ಮಾತು ಅರ್ಧ ಒಪ್ಪುತ್ತೇನೆ. ಒಪ್ಪದ ಅರ್ಧ ಇದು: ಆ ನಾಲ್ಕು ವಂಶಾವಳಿಗಳಲ್ಲಿ ಮೂಲ ಹೆಸರು ಯಾವುದಕ್ಕೆ ಸೇರಬೇಕು? ಹೆಸರು ಅಂಟಿಕೊಂಡಿರುವುದು ಹತ್ತೊಂಬತ್ತನೇ ಶತಮಾನದ ಮಾದರಿಗೆ, ಅದರ ಡಿಎನ್‌ಎ ಓದಿದವರಿಲ್ಲ. ಪ್ರೊಟಾಫೊರೂರಾದಲ್ಲೂ ಇದೇ ಕಥೆ. ಮೇಲೆ ಹೇಳಿದ ಅರ್ಮಾಟಸ್ ಈಗ ಪ್ರೊಟಾಫೊರೂರಾ ಅರ್ಮಾಟಾ; ಅದನ್ನು ಟುಲ್‌ಬರ್ಗ್ ವಿವರಿಸಿದ್ದು 1869ರಲ್ಲಿ. ನಿಮ್ಮ ಅನುಕ್ರಮ ದತ್ತಸಂಚಯದಲ್ಲಿ ಯಾವುದಕ್ಕೂ ಹೊಂದಲಿಲ್ಲ ಎಂದರೆ ಅದರ ಅರ್ಥ ‘ಇದು ಹೊಸದು’ ಎಂದಲ್ಲ, ‘ಇದನ್ನು ಇಲ್ಲಿಯವರೆಗೆ ಯಾರೂ ಓದಿಸಿಲ್ಲ’ ಎಂದು. ವಿವರಿಸಿರುವ ಒಂಬತ್ತು ಸಾವಿರಕ್ಕೂ ಮಿಕ್ಕ ಪ್ರಭೇದಗಳಲ್ಲಿ ಬಾರ್‌ಕೋಡ್ ಇಲ್ಲದವು ಬಹಳಷ್ಟಿವೆ.

ಇನ್ನೊಂದು ಕಿರಿಕಿರಿ ಇದೆ. ಮಣ್ಣಿನ ಸ್ಪ್ರಿಂಗ್‌ಟೇಲ್‌ಗಳಲ್ಲಿ ಗಂಡಿಲ್ಲದೆ ಸಂತಾನ ನಡೆಸುವವು ಹಲವು. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಫೋಲ್ಸೋಮಿಯಾ ಕ್ಯಾಂಡಿಡಾ ಅಂಥದ್ದೇ. ಅದರೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಕುಳಿತು ಗಂಡುಗಳೇ ಹುಟ್ಟದಂತೆ ಮಾಡಿದೆ. ಇಂಥ ಕಡೆ ತಾಯಿಯಿಂದ ಮಾತ್ರ ಬರುವ ಒಂದು ಜೀನ್ ಹಿಡಿದು ಗೆರೆ ಎಳೆದರೆ, ಪ್ರತಿ ವಂಶಾವಳಿಗೂ ಒಂದು ಹೆಸರು ಕೊಡಬೇಕಾದೀತು.

ಬೇಸ್‌ಜೋಡಿ:
ಅದಕ್ಕೇ ಒಂದು ನ್ಯೂಕ್ಲಿಯರ್ ಜೀನ್ (ಕೋಶಕೇಂದ್ರದಲ್ಲಿರುವ ಜೀನ್) ಕೂಡ ಓದಿಸಿ ಎನ್ನುತ್ತೇನೆ. ಅರ್ಧ ಒಪ್ಪಿದ್ದೀರಲ್ಲ, ಈ ವರ್ಷಕ್ಕೆ ಇಷ್ಟು ಸಾಕು ಸರ್.

ತೇವಮಣ್ಣು:
ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಕೊಳವೆದೀಪ ಅವರು ಹೇಳಿದಂತೆಯೇ ಮಾಡಿದೆ. ಎಂಟು ತುಂಡು ಮಣ್ಣು, ತಲೆಕೆಳಗು, ಮೊದಲೆರಡು ದಿನ ಕತ್ತಲು. ಹಳೆಯವು ಸೇರಿ ಒಟ್ಟು ಇಪ್ಪತ್ತಮೂರು ಸಿಕ್ಕಿವೆ. ನಾಲ್ಕನ್ನು ಡಿಎನ್‌ಎಗೆ ಕಳಿಸಿದ್ದೇನೆ, ಕವಚಗಳು ವಾಪಸು ಬರುತ್ತವೆ.

ಸ್ಲೈಡ್ ಮಾಡುವುದನ್ನು ಕಲಿತ ಕಥೆ ಹೇಳಬೇಕು. ಗುಳಿಯಿರುವ ಗಾಜಿನಲ್ಲಿ ಲ್ಯಾಕ್ಟಿಕ್ ಆಮ್ಲದ ಹನಿಯೊಳಗೆ ಪ್ರಾಣಿಯನ್ನಿಟ್ಟು ಕೆಳಗಿನಿಂದ ಹದವಾಗಿ ಬಿಸಿ ಮಾಡಬೇಕು. ಮೊದಲು ಅದು ಸುಣ್ಣದ ಕಡ್ಡಿಯಂತೆ ಏನೂ ಕಾಣಿಸದೆ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿಗೆ ಮೈ ಬಿಗಿಯಾಗಿ ಹಿಗ್ಗುತ್ತದೆ, ಕೊಬ್ಬು ಅಂಚಿನಿಂದ ಕರಗುತ್ತಾ ಬರುತ್ತದೆ, ಒಂದು ಗಳಿಗೆಯಲ್ಲಿ ಇಡೀ ಪ್ರಾಣಿ ಗಾಜಾಗಿ, ರೋಮಗಳು ಮಾತ್ರ ಗಾಳಿಯಲ್ಲಿ ನಿಂತಂತೆ ಕಾಣುತ್ತವೆ. ಆ ಗಳಿಗೆಗೆ ಅರ್ಧ ನಿಮಿಷ ತಡವಾದರೆ ಕುದ್ದು ಒಡೆಯುತ್ತದೆ. ಹೀಗೆ ಎರಡು ಹೋದವು. ಆಮೇಲೆ ಸ್ಲೈಡಿನಲ್ಲಿ ಪ್ರಾಣಿಯನ್ನು ಹಿಡಿದಿಡುವ ಹೋಯರ್ ದ್ರಾವಣಕ್ಕೆ ವರ್ಗಾಯಿಸಿ, ಕವರ್‌ಸ್ಲಿಪ್ಪನ್ನು ಸೂಜಿಯಿಂದ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿಸಿದರೆ ಪ್ರಾಣಿ ಹೊರಳುತ್ತದೆ. ಬೆನ್ನು ಮೇಲಾದವು ಹತ್ತು, ಹೊಟ್ಟೆ ಮೇಲಾದವು ಐದು, ಎತ್ತಲೋ ತಿರುಗಿದವು ಎರಡು.

ಈಗ ಎಡಬದಿ. ಬೆನ್ನು ಮೇಲಾದ ಹತ್ತರಲ್ಲಿ ಐದನೇ ಖಂಡದ ಹುಸಿಗಣ್ಣು ಎರಡೂ ಬದಿಯಲ್ಲಿ ಮೂರು ಇರುವವು ಆರು; ಒಂದು ಬದಿ ಮೂರು, ಇನ್ನೊಂದು ಬದಿ ಎರಡು ಇರುವವು ಮೂರು; ಎರಡೂ ಬದಿ ಎರಡು ಇರುವುದು ಒಂದೇ. ನನ್ನ ಮೊದಲ ಸ್ಲೈಡನ್ನು ಬಿಡಿಸಿ ಮತ್ತೆ ಮಾಡಿದೆ. ಅದರ ಎಡಬದಿಯಲ್ಲಿ ಮೂರಿವೆ. ಯಾವ ಲಕ್ಷಣಕ್ಕಾಗಿ ನಿದ್ದೆಗೆಟ್ಟಿದ್ದೆನೋ ಅದು ಬಿದ್ದುಹೋಯಿತು.

ಆದರೆ ಹೊಟ್ಟೆ ಮೇಲಾದ ಐದರಲ್ಲಿ ಬೇರೊಂದು ಸಂಗತಿ ಇದೆ. ಮೂರು ಗಂಡುಗಳಲ್ಲಿ, ಉದರದ ಮೂರನೇ ಖಂಡದ ಅಡಿಯಲ್ಲಿ, ನಾಲ್ಕು ರೋಮಗಳು ಒತ್ತಾಗಿ, ಗಿಡ್ಡಗೆ, ದಪ್ಪಗೆ, ತುದಿ ಮೊಂಡಾಗಿ ಇವೆ. ಸುತ್ತಲಿನ ರೋಮಗಳು ಮಾಮೂಲಿನಂತೆ ಚೂಪು. ಎರಡು ಹೆಣ್ಣುಗಳಲ್ಲಿ ಅದೇ ಜಾಗದಲ್ಲಿ ಸಾದಾ ರೋಮಗಳಿವೆ. ಕೀಲಿಯಲ್ಲಿ ನನ್ನ ಪ್ರಾಣಿ ಬಂದು ನಿಲ್ಲುವ ಜಾಗದ ಎರಡು ಪ್ರಭೇದಗಳಲ್ಲಿ ಒಂದಕ್ಕೆ ‘ಗಂಡಿನ ಹೊಟ್ಟೆಯ ಅಂಗ ಇಲ್ಲ’ ಎಂದಿದೆ (ಇಂಥ ರೋಮಗಳ ಗುಂಪಿಗೇ ಆ ಹೆಸರು), ಇನ್ನೊಂದಕ್ಕೆ ಏನೂ ಬರೆದಿಲ್ಲ.

ಹಳೆಸ್ಲೈಡು:
ಇದು ಕೆಲಸ. ಆ ನಾಲ್ಕು ರೋಮಗಳ ಚಿತ್ರವನ್ನು ಡ್ರಾಯಿಂಗ್ ಟ್ಯೂಬ್ (ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಾಗದದ ಮೇಲೆ ತಿದ್ದಿಕೊಳ್ಳಲು ನೆರವಾಗುವ ಸಾಧನ) ಇಟ್ಟು ಇವತ್ತೇ ಬರೆಯಿರಿ; ಛಾಯಾಚಿತ್ರ ಮಾತ್ರ ನಂಬಬೇಡಿ, ಒಂದು ಮಟ್ಟದಲ್ಲಿ ಫೋಕಸ್ ಆದದ್ದು ಇನ್ನೊಂದು ಮಟ್ಟದಲ್ಲಿ ಮಾಯ.

ಕೆಲವು ಎಚ್ಚರಿಕೆಗಳು. ಬಿದ್ದುಹೋದ ರೋಮವನ್ನು ‘ಇಲ್ಲ’ ಎಂದು ಬರೆಯಬೇಡಿ, ರೋಮ ಹೋದರೂ ಬುಡದ ಕುಳಿ ಉಳಿದಿರುತ್ತದೆ, ಕುಳಿಗಳನ್ನೇ ಎಣಿಸಿ. ಸ್ಪ್ರಿಂಗ್‌ಟೇಲ್ ಪ್ರೌಢವಾದ ಮೇಲೂ ಜೀವವಿರುವಷ್ಟು ಕಾಲ ಪೊರೆ ಕಳಚುತ್ತಲೇ ಇರುತ್ತದೆ, ಮರಿಯ ರೋಮವಿನ್ಯಾಸ ಬೇರೆ, ದೊಡ್ಡದರದ್ದು ಬೇರೆ. ಐದನೇ ಖಂಡದ ಅಡಿಯಲ್ಲಿ ಜನನದ್ವಾರ ಕಾಣದಿದ್ದರೆ ಅದು ಮರಿ, ಅದನ್ನು ಹೋಲಿಕೆಯಿಂದ ಹೊರಗಿಡಿ. ಬೇರೆ ಕೆಲವು ಕುಟುಂಬಗಳಲ್ಲಿ ಚಳಿಗಾಲದ ರೂಪ ಬೇರೆ, ಬೇಸಿಗೆಯದು ಬೇರೆ ಆಗುವುದೂ ಉಂಟು. ಒಂದೇ ಪ್ರಾಣಿಯ ಎರಡು ಋತುಗಳ ವೇಷಕ್ಕೆ ಎರಡು ಹೆಸರು ಕೊಟ್ಟು ನಗೆಪಾಟಲಾದವರಿದ್ದಾರೆ.

ಕುಡಿಮೀಸೆಯ ಮೂರನೇ ಖಂಡದ ಅಂಗವನ್ನೂ ಬರೆಯಿರಿ: ಐದು ಕಾವಲು ರೋಮ, ಐದು ಗುಬುಟು, ಎರಡು ಕಡ್ಡಿ, ಎರಡು ಗದೆ. ಗದೆಗಳ ಮೈ ನುಣುಪೋ ತರಿಯೋ ನೋಡಿ. ತಲೆಯ ಮೇಲೆ ಕುಡಿಮೀಸೆಯ ಹಿಂದಿನ ಗುಳಿಯಲ್ಲಿರುವ ಗುಳ್ಳೆಗಳನ್ನು ಎಣಿಸಿ. ಉಗುರಿನಲ್ಲಿ ಹಲ್ಲಿದೆಯೋ ಇಲ್ಲವೋ ನೋಡಿ.

ಕೀಲಿಯಲ್ಲಿ ‘ಏನೂ ಬರೆದಿಲ್ಲ’ ಎಂದಿರಲ್ಲ, ನಿಮ್ಮ ಪ್ರಶ್ನೆ ನಿಂತಿರುವುದು ಅಲ್ಲಿ. ಬರೆದಿಲ್ಲ ಎಂದರೆ ಇಲ್ಲ ಎಂದಲ್ಲ. ಆ ಲೇಖಕರಿಗೆ ಹೆಣ್ಣುಗಳು ಮಾತ್ರ ಸಿಕ್ಕಿರಬಹುದು. ಕೀಲಿ ಬಿಡಿ, ಮೂಲ ವಿವರಣೆ ತೆಗೆಯಿರಿ. ಅದರಲ್ಲೂ ಇಲ್ಲದಿದ್ದರೆ ಸಂಗ್ರಹಾಲಯಕ್ಕೆ ಬರೆದು ಟೈಪ್ ಮಾದರಿಯನ್ನೇ, ಅಂದರೆ ಆ ಹೆಸರು ಅಂಟಿಕೊಂಡಿರುವ ಮೂಲ ಪ್ರಾಣಿಯನ್ನೇ, ನೋಡಬೇಕು.

ಅಲ್ಪವಿರಾಮ:
ಹೆಸರು ಯೋಚಿಸಿದ್ದೀರಿ ಎಂದಿರಿ. ಅದನ್ನು ಇಲ್ಲಿ ಬರೆಯದಿದ್ದದ್ದು ಪುಣ್ಯ. ಹೀಗೆ ಬರೆದ ಮಾತ್ರಕ್ಕೆ ಹೆಸರು ಪ್ರಕಟವಾದಂತೆ ಆಗುವುದಿಲ್ಲ, ಆದರೆ ವಿವರಣೆಯಿಲ್ಲದ ಬೋಳು ಹೆಸರು ಎಲ್ಲೆಲ್ಲೋ ನಕಲಾಗಿ ಹರಡಿದರೆ ಆಮೇಲೆ ಒರೆಸುವವರಿಲ್ಲ.

ಪ್ರಾಣಿಗಳ ನಾಮಕರಣ ಸಂಹಿತೆಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದು ಕೇಳುವುದು ಹೆಚ್ಚೇನಿಲ್ಲ: ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು, ಬೇರೆಯವುಗಳಿಂದ ಹೇಗೆ ಭಿನ್ನ ಎಂದು ಪದಗಳಲ್ಲಿ ಇರಬೇಕು, ಟೈಪ್ ಮಾದರಿಯನ್ನು ನಿಗದಿ ಮಾಡಿ ಅದು ಯಾವ ಸಂಗ್ರಹದಲ್ಲಿರುತ್ತದೆ ಎಂದು ತಿಳಿಸಬೇಕು. 2012ರ ತಿದ್ದುಪಡಿಯ ನಂತರ ವಿದ್ಯುನ್ಮಾನ ರೂಪದ ಪ್ರಕಟಣೆಯೂ ಸಲ್ಲುತ್ತದೆ, ಆದರೆ ಪ್ರಾಣಿಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು, ಅದರ ಗುರುತು ಆ ಬರಹದಲ್ಲೇ ಕಾಣಬೇಕು. ಪ್ರಭೇದ ನಿಜಕ್ಕೂ ಹೊಸದೇ ಎಂದು ಸಂಹಿತೆ ಪರೀಕ್ಷಿಸುವುದಿಲ್ಲ. ಕೆಟ್ಟ ವಿವರಣೆಗೂ ಹೆಸರು ಸಿಕ್ಕಿಬಿಡುತ್ತದೆ, ಮುಂದಿನವರು ಅದನ್ನು ಹೊತ್ತುಕೊಂಡು ತಿರುಗಬೇಕು.

ವ್ಯಾಕರಣ ನೋಡಿಕೊಳ್ಳಿ. ಪ್ರೊಟಾಫೊರೂರಾ ಸ್ತ್ರೀಲಿಂಗ. ಟುಲ್‌ಬರ್ಗ್ ಲೈಪೂರಾ ಅರ್ಮಾಟಾ ಎಂದರು, ಅದು ಒನಿಕಿಯೂರಸ್‌ಗೆ ಹೋದಾಗ ಪುಲ್ಲಿಂಗವಾಗಿ ಅರ್ಮಾಟಸ್ ಆಯಿತು, ಪ್ರೊಟಾಫೊರೂರಾಕ್ಕೆ ಬಂದು ಮತ್ತೆ ಅರ್ಮಾಟಾ. ಕುಲ ಬದಲಾದದ್ದಕ್ಕೆ ಗುರುತಾಗಿ ಟುಲ್‌ಬರ್ಗ್ ಹೆಸರು ಆವರಣದೊಳಗೆ ಹೋಯಿತು. ವ್ಯಕ್ತಿಯ ಹೆಸರಿಡುವುದಾದರೆ ಈ ತೊಂದರೆ ಇಲ್ಲ, ಗಂಡಸಿಗೊಂದು ಹೆಂಗಸಿಗೊಂದು ಷಷ್ಠಿ ಪ್ರತ್ಯಯ ಹಚ್ಚಿದರೆ ಮುಗಿಯಿತು. ನಿಮ್ಮದೇ ಹೆಸರಿಡಲು ನಿಯಮ ಅಡ್ಡಬರುವುದಿಲ್ಲ. ನಾವು ಅಡ್ಡಬರುತ್ತೇವೆ.

ತೇವಮಣ್ಣು:
ನನ್ನ ಹೆಸರಲ್ಲ! ಸೂಕ್ಷ್ಮದರ್ಶಕದ ಮುಂದೆ ಮೊದಲ ಸಲ ಕೂರಿಸಿದ ಶಿಕ್ಷಕಿಯದು. ಅವರಿಗೆ ಇನ್ನೂ ತಿಳಿಸಿಲ್ಲ.

ಹಳೆಸ್ಲೈಡು:
ತಿಳಿಸಬೇಡಿ.

ತೇವಮಣ್ಣು:
ಮತ್ತೆ ಎರಡು ತಿಂಗಳಾಗಿದೆ. ಡಿಎನ್‌ಎ ಬಂದಿದೆ: ನಾಲ್ಕೂ ಒಂದಕ್ಕೊಂದು ಹತ್ತಿರ, ದತ್ತಸಂಚಯದ ಯಾವುದಕ್ಕೂ ಹತ್ತಿರವಿಲ್ಲ. ಬೇಸ್‌ಜೋಡಿ ಅವರಿಗೆ ಸಂತೋಷವಾಗುತ್ತದೆ, ಹಳೆಸ್ಲೈಡು ಅವರು ಹೇಳುವುದೇನು ಎಂದೂ ಗೊತ್ತು.

‘ಏನೂ ಬರೆದಿಲ್ಲ’ ಎಂಬ ಪ್ರಭೇದದ ಮೂಲ ವಿವರಣೆ ಸಿಕ್ಕಿತು. ಒಂದೂವರೆ ಪುಟ, ಎರಡು ಚಿತ್ರ, ಹೊಟ್ಟೆಯ ಮಾತೇ ಇಲ್ಲ. ಸಂಗ್ರಹಾಲಯದವರು ಟೈಪ್ ಮಾದರಿಯ ಸ್ಲೈಡನ್ನು ಅಂಚೆಯಲ್ಲಿ ಕಳಿಸಲು ಒಪ್ಪಲಿಲ್ಲ, ಆದರೆ ಹಂತಹಂತವಾಗಿ ಫೋಕಸ್ ಬದಲಿಸಿ ತೆಗೆದ ಛಾಯಾಚಿತ್ರಗಳನ್ನು ಕಳಿಸಿದರು. ಸ್ಲೈಡಿನ ದ್ರಾವಣ ಅಂಚಿನಿಂದ ಒಣಗಿ ಹರಳುಗಟ್ಟಿದೆ, ಹಿಮ ಬಿದ್ದ ಕಿಟಕಿಯ ಹಾಗೆ. ಅದೃಷ್ಟಕ್ಕೆ ಉದರ ಉಳಿದಿದೆ, ಹೊಟ್ಟೆ ಮೇಲಾಗಿದೆ. ಮೂರನೇ ಖಂಡದಲ್ಲಿ ಸಾದಾ ರೋಮಗಳು! ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಐದನೇ ಖಂಡ ನೋಡಿದೆ. ಜನನದ್ವಾರವೇ ಇಲ್ಲ. ಅದು ಮರಿ.

ಹಳೆಸ್ಲೈಡು:
ಲೇಬಲ್‌ನಲ್ಲಿ ಏನಿದೆ?

ತೇವಮಣ್ಣು:
ಜಾಗದ ಹೆಸರು, ‘ಪಾಚಿಯ ಅಡಿ’, ತಿಂಗಳು, ವರ್ಷ. ತಿಂಗಳು ಅಕ್ಟೋಬರ್.

ಹಳೆಸ್ಲೈಡು:
ಹಾಗಾದರೆ ಅದೇ ಜಾಗದಿಂದ ದೊಡ್ಡವನ್ನು ತರಬೇಕು. ಅಕ್ಟೋಬರ್‌ನಲ್ಲಿ ಮರಿ ಸಿಕ್ಕಿದೆ, ನೀವು ಬೇರೆ ತಿಂಗಳು ಹೋಗಿ. ಹುಸಿಗಣ್ಣು ಎರಡೂ ಬದಿಯಲ್ಲಿ ಎಣಿಸಿ.

ಕೊಳವೆದೀಪ:
ಪಾಚಿಯ ಅಡಿಯ ಮಣ್ಣು ಬೇಗ ಒಣಗುತ್ತದೆ. ಮೂರು ದಿನ ಕತ್ತಲಲ್ಲಿಡಿ.